ಲೂಪಸ್ ಇರುವ ಮಕ್ಕಳ ಹೃದಯ ಮತ್ತು ಊಟ: ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಕ್ಕಳ ಡಯಟೀಷಿಯನ್. ಡಾಕ್ಟರ್ ರೂಮಿನಿಂದ ಹೊರಬಂದ ಅಪ್ಪ-ಅಮ್ಮ ಫೈಲ್ ಹಿಡಿದುಕೊಂಡು ನನ್ನ ಮುಂದೆ ಕೂರುತ್ತಾರೆ. ಒಳಗೆ ಕೇಳಲು ಮರೆತದ್ದು, ಕೇಳಲು ಹೆದರಿದ್ದು ಎಲ್ಲಾ ಅಲ್ಲಿ ಹೊರಗೆ ಬರುತ್ತದೆ. ಆಮೇಲೆ ವಾಟ್ಸಾಪ್‌ನಲ್ಲೂ ಬರುತ್ತದೆ. ಹಾಗೆ ಬಂದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮಾತ್ರೆ ಮತ್ತು ಡೋಸ್ ವಿಷಯದಲ್ಲಿ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆ ಮಾತು.

## ಮೊದಲು ಕೇಳುವ ಪ್ರಶ್ನೆಗಳು

ಲೂಪಸ್ ಅಂದ್ರೆ ಚರ್ಮ, ಕೀಲುಗಳ ಕಾಯಿಲೆ ಅಲ್ವಾ? ಹೃದಯದ ಮಾತು ಯಾಕೆ ಬಂತು?

ಕೆನ್ನೆಯ ಕೆಂಪು, ಕೀಲು ನೋವು ಕಣ್ಣಿಗೆ ಕಾಣುತ್ತವೆ, ಅದಕ್ಕೇ ಹಾಗನ್ನಿಸುತ್ತದೆ. ಲೂಪಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೈಮೇಲೇ ಎರಗುತ್ತದೆ. ಚರ್ಮ, ಕೀಲು, ಕಿಡ್ನಿ, ರಕ್ತನಾಳ, ಯಾವುದನ್ನೂ ಬಿಡುವುದಿಲ್ಲ. ಹೃದಯಕ್ಕೆ ತೊಂದರೆ ಎರಡು ರೀತಿ. ಒಂದು, ಕಾಯಿಲೆ ಜೋರಾದಾಗ ಹೃದಯದ ಸುತ್ತಲಿನ ಪೊರೆ, ಕವಾಟ ಅಥವಾ ಸ್ನಾಯು ಊದಿಕೊಳ್ಳುವುದು. ಇನ್ನೊಂದು ನಿಧಾನದ್ದು. ರಕ್ತನಾಳದ ಒಳಗೋಡೆ ವರ್ಷಗಟ್ಟಲೆ ಉರಿಯೂತಕ್ಕೆ ಸಿಕ್ಕಿ, ಅಲ್ಲಿ ಬೇಗನೆ ಕೊಬ್ಬು ಕಟ್ಟುವುದು. ಇದರ ಜೊತೆಗೆ ಲೂಪಸ್ ಹತೋಟಿಗೆ ಕೊಡುವ ಸ್ಟೀರಾಯ್ಡ್ ಮಾತ್ರೆ, ಬಿಪಿ, ಕಿಡ್ನಿ ತೊಂದರೆ ಸೇರಿಕೊಳ್ಳುತ್ತವೆ. ಊಟದಿಂದ ನಾವು ತಡೆಯಲು ನೋಡುವುದು ಮುಖ್ಯವಾಗಿ ಈ ಎರಡನೆಯದನ್ನು.

ಇದು ಇವತ್ತು ಗೊತ್ತಾದದ್ದೂ ಅಲ್ಲ. ಟೊರಾಂಟೊದ ಡಾ. ಯುರೋವಿಟ್ಜ್ ಮತ್ತು ಜೊತೆಗಾರರು 1976ರಲ್ಲೇ ಬರೆದಿದ್ದರು: ಲೂಪಸ್ ಶುರುವಾದ ಹೊಸದರಲ್ಲಿ ಸಾವು ಬರುವುದು ಕಾಯಿಲೆಯಿಂದ ಮತ್ತು ಸೋಂಕಿನಿಂದ. ಎಷ್ಟೋ ವರ್ಷ ಕಳೆದ ಮೇಲೆ ಬರುವುದು ಹೃದಯದಿಂದ.

ಅಂದ್ರೆ ನನ್ನ ಮಗಳಿಗೆ ಹಾರ್ಟ್ ಅಟ್ಯಾಕ್ ಆಗುತ್ತಾ?

ಬಾಲ್ಯದಲ್ಲಿ ಹಾಗಾಗುವುದು ತೀರಾ ಅಪರೂಪ. ಲೂಪಸ್ ಇದ್ದರೆ ಹೃದಯಾಘಾತದ ಅಪಾಯ "50 ಪಟ್ಟು" ಎಂದು ಇಂಟರ್ನೆಟ್ಟಿನಲ್ಲಿ ನಿಮಗೆ ಸಿಕ್ಕ ಅಂಕಿ 1997ರ ಪಿಟ್ಸ್‌ಬರ್ಗ್ ಅಧ್ಯಯನದ್ದು. ಅದು 35ರಿಂದ 44 ವರ್ಷದ, ಲೂಪಸ್ ಇರುವ ಹೆಂಗಸರ ಬಗ್ಗೆ. ಆ ವಯಸ್ಸಿನ ಬೇರೆ ಹೆಂಗಸರಿಗೆ ಹೃದಯಾಘಾತ ಆಗುವುದೇ ಬಹಳ ಕಡಿಮೆ. ಆ ಸಣ್ಣ ಸಂಖ್ಯೆಗೆ ಹೋಲಿಸಿದ್ದರಿಂದ ಅಂಕಿ ಅಷ್ಟು ದೊಡ್ಡದಾಗಿ ಕಾಣುತ್ತದೆ. ಹಾಗಂತ ತಳ್ಳಿಹಾಕುವ ಮಾತೂ ಅಲ್ಲ. ನಿಮ್ಮ ಮಗಳಿಗೆ 12ಕ್ಕೇ ಲೂಪಸ್ ಬಂದಿದ್ದರೆ, 35 ತುಂಬುವಾಗ ಅವಳ ರಕ್ತನಾಳ 23 ವರ್ಷ ಈ ಕಾಯಿಲೆ ಕಂಡಿರುತ್ತದೆ. ಈಗಲೇ ಶುರು ಮಾಡಿ ಅನ್ನುವುದು ಅದಕ್ಕೇ.

ಅವಳು ಕಡ್ಡಿ ಥರ ಇದ್ದಾಳೆ. ಕೊಲೆಸ್ಟ್ರಾಲ್ ಎಲ್ಲಿಂದ ಬಂತು?

ಲೂಪಸ್ ಜೋರಾಗಿರುವಾಗ ಉರಿಯೂತವೇ ರಕ್ತದ ಕೊಬ್ಬಿನ ಲೆಕ್ಕ ಕೆಡಿಸುತ್ತದೆ. ಟ್ರೈಗ್ಲಿಸರೈಡ್ ಏರುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ ಇಳಿಯುತ್ತದೆ. ಮಗು ತೆಳ್ಳಗಿದ್ದರೂ ಹೀಗಾಗಬಹುದು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ ಲಿವರ್ ಕೊಲೆಸ್ಟ್ರಾಲನ್ನು ಇನ್ನೂ ಜಾಸ್ತಿ ತಯಾರಿಸುತ್ತದೆ. "ತುಪ್ಪ ಕೊಟ್ಟಿದ್ದೇ ತಪ್ಪಾಯ್ತಾ?" ಎಂದು ಅಜ್ಜಿಯರು ಅಳುವುದನ್ನು ನೋಡಿದ್ದೇನೆ. ಇಲ್ಲಮ್ಮ, ತುಪ್ಪದ ಪಾಲು ಇದರಲ್ಲಿ ಬಹಳ ಸಣ್ಣದು. ಕಾಯಿಲೆ ಹತೋಟಿಗೆ ಬಂದರೆ ಅರ್ಧ ಕೆಲಸ ತಾನಾಗಿ ಆಗುತ್ತದೆ.

ಊಟದಲ್ಲೇ ವಾಸಿ ಮಾಡೋಕಾಗಲ್ವಾ? ಮಾತ್ರೆ ನಿಲ್ಲಿಸಬೇಕು ಅಂತಿದ್ದೀವಿ.

ಆಗುವುದಿಲ್ಲ, ದಯವಿಟ್ಟು ನಿಲ್ಲಿಸಬೇಡಿ. ಲೂಪಸ್ ವಾಸಿ ಮಾಡುವ ಊಟ ಯಾವುದೂ ಇಲ್ಲ. ಬಿಪಿ, ತೂಕ, ಮೂಳೆ, ಸಕ್ಕರೆ ಇವನ್ನು ಊಟ ಕಾಯುತ್ತದೆ. ಆ ಕಡೆಯಿಂದ ಹೃದಯಕ್ಕೆ ದೊಡ್ಡ ಸಹಾಯವಾಗುತ್ತದೆ. ಕಾಯಿಲೆಯನ್ನು ಹಿಡಿದಿಡುವುದು ಮಾತ್ರೆಯ ಕೆಲಸ. ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಹೊರಗಿನಿಂದ ಬರುವ ಸ್ಟೀರಾಯ್ಡಿಗೆ ಒಗ್ಗಿದ ದೇಹ ತನ್ನದನ್ನು ತಯಾರಿಸುವುದು ಕಡಿಮೆ ಮಾಡಿರುತ್ತದೆ.

ಬದನೆಕಾಯಿ, ಕುಂಬಳಕಾಯಿ, ಮೊಸರು ಎಲ್ಲಾ ನಂಜು ಅಂತಾರೆ. ಏನೇನು ಬಿಡಿಸಬೇಕು?

ಇವುಗಳಲ್ಲಿ ಯಾವುದನ್ನೂ ಲೂಪಸ್‌ಗಾಗಿ ಬಿಡಿಸಬೇಕಿಲ್ಲ. ಬದನೆ, ಟೊಮೆಟೊ, ಗೋಧಿ, ಹಾಲು ಲೂಪಸ್ ಹೆಚ್ಚಿಸುತ್ತವೆ ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಯಾವುದೋ ಒಂದು ತಿಂದರೆ ನಿಮ್ಮ ಮಗುವಿಗೆ ಪ್ರತಿ ಸಲ ತುರಿಕೆ ಬಂದರೆ ಅದು ಬೇರೆ ಮಾತು, ಡಾಕ್ಟರಿಗೆ ಹೇಳಿ.

ಇಲ್ಲಿ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಒಬ್ಬೊಬ್ಬ ನೆಂಟರು ಒಂದೊಂದು ಬಿಡಿಸಿ, ಕೊನೆಗೆ ಮಗುವಿನ ತಟ್ಟೆಯಲ್ಲಿ ಗಂಜಿ ಮತ್ತು ಉಪ್ಪಿನಕಾಯಿ ಮಾತ್ರ ಉಳಿದಿರುತ್ತದೆ. ಬಿಡಿಸಬೇಕಾಗಿದ್ದ ಒಂದೇ ಪದಾರ್ಥ ಆ ಉಪ್ಪಿನಕಾಯಿ!

## ಅಡುಗೆಮನೆಯ ಪ್ರಶ್ನೆಗಳು

ಉಪ್ಪು ಕಡಿಮೆ ಮಾಡಿ ಅಂದ್ರು. ಎಷ್ಟು ಅಂತ ಯಾರೂ ಹೇಳಲಿಲ್ಲ.

ಇಡೀ ಪುಟದಲ್ಲಿ ಒಂದೇ ಉತ್ತರ ಓದಲು ಟೈಮ್ ಇದ್ದರೆ ಇದನ್ನು ಓದಿ. ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಒಳಗೆ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದು ಮಟ್ಟಸ ಟೀ ಚಮಚ. ಮಕ್ಕಳಿಗೆ ಅದಕ್ಕಿಂತ ಕಡಿಮೆ. ಬಿಪಿ, ಕಿಡ್ನಿ ತೊಂದರೆ ಅಥವಾ ಊತ ಇದ್ದರೆ ಎಷ್ಟು ಅಂತ ನಿಮ್ಮ ಡಾಕ್ಟರ್ ಬೇರೆ ಮಿತಿ ಹೇಳುತ್ತಾರೆ. ಸ್ಟೀರಾಯ್ಡ್ ಉಪ್ಪು-ನೀರನ್ನು ಮೈಯಲ್ಲಿ ಹಿಡಿದಿಡುತ್ತದೆ. ಮೇಲಿಂದ ಉಪ್ಪೂ ಬಿದ್ದರೆ ಬಿಪಿ ಏರುತ್ತದೆ.

ಚಮಚ ಹಿಡಿದು ಅಳೆಯುವ ಮನೆ ನಾನು ನೋಡಿಲ್ಲ. ಹಾಗಾಗಿ ಪ್ಯಾಕೆಟ್ ಲೆಕ್ಕ ಹೇಳುತ್ತೇನೆ. ನಾಲ್ಕು ಜನಕ್ಕೆ ತಲೆಗೆ 5 ಗ್ರಾಂನಂತೆ ದಿನಕ್ಕೆ 20 ಗ್ರಾಂ. 1 ಕೆಜಿ ಪ್ಯಾಕೆಟ್ 50 ದಿನವಾದರೂ ಬರಬೇಕು. ಒಡೆದ ದಿನ ಪ್ಯಾಕೆಟ್ ಮೇಲೆ ಪೆನ್ನಿನಲ್ಲಿ ತಾರೀಖು ಬರೆಯಿರಿ. ತಿಂಗಳೊಳಗೆ ಖಾಲಿಯಾದರೆ ಉತ್ತರ ಸಿಕ್ಕಿತಲ್ಲ.

ಎಲ್ಲಿ ಕಡಿಮೆ ಮಾಡುವುದು? ಅನ್ನಕ್ಕೆ, ಚಪಾತಿ ಹಿಟ್ಟಿಗೆ, ಮುದ್ದೆಗೆ, ಮಜ್ಜಿಗೆಗೆ ಹಾಕುವ ಉಪ್ಪನ್ನು ಪೂರ್ತಿ ಬಿಡಿ. ಸಾರು-ಪಲ್ಯದಲ್ಲಿ ಹೇಗೂ ಇರುತ್ತದೆ. ಮಗುವಿಗೊಬ್ಬಳಿಗೇ ಸಪ್ಪೆ ಮಾಡಬೇಡಿ, ಇಡೀ ಮನೆಗೆ ಸ್ವಲ್ಪ ಸ್ವಲ್ಪವಾಗಿ ಇಳಿಸಿ. ಕೆಲವು ವಾರದಲ್ಲಿ ನಾಲಿಗೆ ಒಗ್ಗುತ್ತದೆ. ಹುಣಸೆ, ನಿಂಬೆ, ಜೀರಿಗೆ-ಮೆಣಸಿನ ಪುಡಿ, ಬೆಳ್ಳುಳ್ಳಿ ಒಗ್ಗರಣೆ ಇದ್ದರೆ ಸಪ್ಪೆ ಅಷ್ಟು ಗೊತ್ತಾಗುವುದಿಲ್ಲ. ಉಪ್ಪುಸಾರಿನ ಖಾರ ಮನೆಯಲ್ಲಿ ಅರೆಯುವಾಗ ಉಪ್ಪು ಅರ್ಧ ಮಾಡಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಒಣಮೀನು ಹಬ್ಬಕ್ಕೆ ಮಾತ್ರ ಇರಲಿ.

ಪ್ಯಾಕೆಟ್ ತಿಂಡಿಯ ಹಿಂದೆ ಸೋಡಿಯಂ ಎಷ್ಟು ಮಿಲಿಗ್ರಾಂ ಅಂತ ಬರೆದಿರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 800 ಮಿಲಿಗ್ರಾಂ ಸೋಡಿಯಂ ಅಂದರೆ 2 ಗ್ರಾಂ ಉಪ್ಪು. ಲೇಬಲ್ಲಿನ ಅಂಕಿ 100 ಗ್ರಾಂಗೋ, ಇಡೀ ಪ್ಯಾಕೆಟ್ಟಿಗೋ ಎಂದೂ ನೋಡಿ. ಸಿಹಿ ಬಿಸ್ಕತ್ತಿನಲ್ಲೂ, ಬ್ರೆಡ್‌ನಲ್ಲೂ ಸೋಡಿಯಂ ಇದೆ.

ನಾವು ಕರಾವಳಿಯವರು, ಕೊಬ್ಬರಿ ಎಣ್ಣೆ ಬಿಡೋಕಾಗಲ್ಲ. ತುಪ್ಪನೂ ಬೇಡ್ವಾ?

ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ ಸುಮಾರು 90 ಭಾಗ ಸ್ಯಾಚುರೇಟೆಡ್ ಕೊಬ್ಬು. ತುಪ್ಪದಲ್ಲಿ ಅರ್ಧಕ್ಕಿಂತ ಜಾಸ್ತಿ. ಎರಡೂ ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ ಏರಿಸುತ್ತವೆ. ದಿನದ ಅಡುಗೆಗೆ ಕಡಲೆಕಾಯಿ, ಸೂರ್ಯಕಾಂತಿ ಅಥವಾ ಎಳ್ಳೆಣ್ಣೆ ಬಳಸಿ. ಒಗ್ಗರಣೆಯ ಘಮಕ್ಕೆ ಒಂದು ಚಮಚ ಕೊಬ್ಬರಿ ಎಣ್ಣೆ, ಬಿಸಿ ಅನ್ನಕ್ಕೆ ಅರ್ಧ ಚಮಚ ತುಪ್ಪ ಇರಲಿ, ಮಗು ಖುಷಿಯಾಗಿ ಉಣ್ಣಲಿ. ಯಾವ ಎಣ್ಣೆಯಾದರೂ ತಲೆಗೆ ತಿಂಗಳಿಗೆ ಅರ್ಧ ಲೀಟರ್ ದಾಟದಿದ್ದರೆ ಸಾಕು ಅನ್ನುವುದು ನನ್ನ ಅಳತೆ. ಒಮ್ಮೆ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ.

ಬೇಕರಿ ಪಫ್ ವಾರಕ್ಕೊಂದು ಪರವಾಗಿಲ್ವಾ?

ತಿಂಗಳಿಗೊಂದು ಅನ್ನಿ. ವನಸ್ಪತಿಯಂಥ ಗಟ್ಟಿ ಮಾಡಿದ ಎಣ್ಣೆಯಲ್ಲಿರುವ ಟ್ರಾನ್ಸ್ ಫ್ಯಾಟ್‌ಗೆ 2022ರಿಂದ ನಮ್ಮ ದೇಶದಲ್ಲಿ ನೂರಕ್ಕೆ 2ರ ಮಿತಿ ಬಂದಿದೆ, ಒಳ್ಳೆಯದೇ. ಆದರೂ ಪಫ್, ಖಾರಿ, ಬೆಣ್ಣೆ ಬಿಸ್ಕತ್ತಿನಲ್ಲಿ ಮೈದಾ, ಉಪ್ಪು, ಸ್ಯಾಚುರೇಟೆಡ್ ಕೊಬ್ಬು ಹಾಗೇ ಇವೆ. ಗೋಬಿ ಮಂಚೂರಿಯದ್ದೂ ಅದೇ ಕಥೆ. 2024ರಲ್ಲಿ ಕರ್ನಾಟಕದಲ್ಲಿ ಅದರ ಕೃತಕ ಬಣ್ಣಕ್ಕೆ ನಿಷೇಧ ಬಂತು, ಸೋಯಾ ಸಾಸ್‌ನ ಉಪ್ಪಿಗೆ ಯಾರೂ ಏನೂ ಅನ್ನಲಿಲ್ಲ.

ದಿನಾ ರಾಗಿ ಮುದ್ದೆ ತಿಂತಾನೆ. ಕ್ಯಾಲ್ಸಿಯಂ ಮಾತ್ರೆ ಯಾಕೆ?

ರಾಗಿ ಬಹಳ ಒಳ್ಳೆಯದು. 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ 13-15 ವರ್ಷದ ಮಗುವಿಗೆ ದಿನಕ್ಕೆ ಬೇಕಾದ್ದು 1000 ಮಿಲಿಗ್ರಾಂ. ಮಕ್ಕಳ ಮುದ್ದೆಗೆ 60 ಗ್ರಾಂ ಹಿಟ್ಟು ಹಿಡಿದರೆ ಅದರಿಂದ 210 ಸಿಕ್ಕಿತು, ಅದೂ ಪೂರ್ತಿ ಮೈಗೆ ಹತ್ತುವುದಿಲ್ಲ. ಎರಡು ಲೋಟ ಹಾಲು ಅಥವಾ ಮೊಸರು ಸೇರಿದರೆ ಇನ್ನು 480. ಜೊತೆಗೆ ಎಳ್ಳು, ನುಗ್ಗೆಸೊಪ್ಪು. ಇಷ್ಟಾದರೂ ಕೊರತೆ ಉಳಿಯಬಹುದು. ಸ್ಟೀರಾಯ್ಡ್ ಬೇರೆ ಮೂಳೆ ಸವೆಸುತ್ತದೆ. ಬಿಸಿಲು ಲೂಪಸ್ ಕೆರಳಿಸುವುದರಿಂದ ಮಗು ನೆರಳಲ್ಲೇ ಇರುತ್ತದೆ, ಹಾಗಾಗಿ ವಿಟಮಿನ್ ಡಿ ಕೂಡ ಕಡಿಮೆ. ಅದಕ್ಕೇ ಮಾತ್ರೆ. ಕಬ್ಬಿಣದ ಮಾತ್ರೆಯೂ ಇದ್ದರೆ ಎರಡನ್ನೂ ಒಟ್ಟಿಗೆ ನುಂಗಿಸಬೇಡಿ, ಒಂದು ಬೆಳಿಗ್ಗೆ ಒಂದು ರಾತ್ರಿ ಇರಲಿ.

ಮೊಟ್ಟೆ, ಮೀನು, ಮಟನ್?

ಮೊಟ್ಟೆ ದಿನಕ್ಕೊಂದು ಸರಿ, ಚೆನ್ನಾಗಿ ಬೆಂದಿರಬೇಕು. ಬಂಗುಡೆ, ಬೂತಾಯಿಯಲ್ಲಿ ಒಮೆಗಾ-3 ಸಮೃದ್ಧ, ಬೆಲೆಯೂ ಕಡಿಮೆ. ವಾರಕ್ಕೆ ಎರಡು ಸಲ ಸಾರು ಮಾಡಿ. ರವಾ ಫ್ರೈ ಮಾಡಿದರೆ ಎಣ್ಣೆಯ ಪಾಲೇ ಜಾಸ್ತಿ. ಮಟನ್ ಅಪರೂಪಕ್ಕೆ. ಮಾಂಸ ತಿನ್ನದ ಮನೆಯಲ್ಲಿ ಅಗಸೆ ಬೀಜದ ಚಟ್ನಿಪುಡಿ ಇದೆಯಲ್ಲ, ಉತ್ತರ ಕರ್ನಾಟಕದವರಿಗೆ ನಾನು ಹೇಳಿಕೊಡಬೇಕಿಲ್ಲ. ಅದಕ್ಕೂ ಉಪ್ಪು ಕಡಿಮೆ ಹಾಕಿ, ಅಷ್ಟೇ.

## ಸ್ಟೀರಾಯ್ಡ್, ಹಸಿವು, ಆಟ

ರಾತ್ರಿ ಎದ್ದು ಡಬ್ಬ ತಡಕಾಡ್ತಾನೆ. ಹಸಿವೋ ಹಸಿವು. ಕೊಡಬೇಕಾ, ಬೈಬೇಕಾ?

ಬೈಯಬೇಡಿ. ಆ ಹಸಿವು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯದ್ದು, ಹುಡುಗನ ಆಸೆಬುರುಕತನ ಅಲ್ಲ. ಹಸಿದಾಗ ಕೈಗೆ ಏನು ಸಿಗುತ್ತದೆ ಅನ್ನುವುದು ಮಾತ್ರ ನಿಮ್ಮ ಕೈಯಲ್ಲಿದೆ. ಡಬ್ಬದಲ್ಲಿ ಚಕ್ಕುಲಿ, ಖಾರಾ ಬೂಂದಿ ಬದಲು ಹುರಿದ ಉಪ್ಪಿಲ್ಲದ ಕಡಲೆಕಾಯಿ, ಹುರಿಗಡಲೆ, ಮಂಡಕ್ಕಿ ಇಡಿ. ಫ್ರಿಜ್‌ನಲ್ಲಿ ಹೆಚ್ಚಿದ ಸೌತೆಕಾಯಿ, ಕ್ಯಾರೆಟ್ ಎದುರಿಗೇ ಕಾಣುವಂತಿರಲಿ. ಊಟದಲ್ಲಿ ಅನ್ನದ ಗುಡ್ಡೆ ಇಳಿಸಿ, ಹೆಸರುಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ, ತೊವ್ವೆ ಏರಿಸಿ. ಬೇಳೆ, ನಾರು ಇದ್ದರೆ ಹೊಟ್ಟೆ ಹೆಚ್ಚು ಹೊತ್ತು ತುಂಬಿರುತ್ತದೆ. ಹಾಲಿಗೆ ಪೌಡರ್, ಬಾಟಲಿ ಜ್ಯೂಸ್, ಕೂಲ್‌ಡ್ರಿಂಕ್ಸ್ ಮೊದಲು ಬಿಡಿ. ಸ್ಟೀರಾಯ್ಡ್‌ನಿಂದ ರಕ್ತದ ಸಕ್ಕರೆ ಏರುತ್ತದೆ, ಅದರ ಮೇಲೆ ಸಕ್ಕರೆ ನೀರು ಬೇಡ.

ತೂಕ ವಾರಕ್ಕೊಮ್ಮೆ ನೋಡಿ, ಅದೂ ಎಲ್ಲರೆದುರು ಬೇಡ. ಎರಡು-ಮೂರು ದಿನದಲ್ಲೇ ಒಂದೆರಡು ಕೆಜಿ ಏರಿದರೆ, ಕಾಲು ಊದಿದರೆ, ಅದು ಕೊಬ್ಬಲ್ಲ, ನೀರು. ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.

ಮುಖ ಊದಿಕೊಂಡಿದೆ ಅಂತ ಮಗಳು ಊಟಾನೇ ಬಿಡ್ತಿದ್ದಾಳೆ.

ಉಪವಾಸ ಮಾಡಿದರೆ ಮುಖದ ಊತ ಹೋಗುವುದಿಲ್ಲ. ಸ್ಟೀರಾಯ್ಡ್ ಡೋಸ್ ಇಳಿಯುತ್ತಾ ಬಂದಂತೆ ಅದು ಇಳಿಯುತ್ತದೆ. ಇದನ್ನು ಅವಳಿಗೇ ಬಾಯಿ ಬಿಟ್ಟು ಹೇಳಿ. ಈ ವಯಸ್ಸಿನ ಹುಡುಗಿಯರು ಊಟದ ಜೊತೆ ಗುಟ್ಟಾಗಿ ಮಾತ್ರೆಯನ್ನೂ ಬಿಡುವುದುಂಟು. ಸ್ಟ್ರಿಪ್ ಎಣಿಸಿ. ಮದುವೆ ಮನೆಯಲ್ಲಿ "ಏನೇ ದಪ್ಪ ಆಗಿದೀಯ" ಅನ್ನುವ ಅತ್ತೆ-ಚಿಕ್ಕಮ್ಮಂದಿರಿಗೆ ಮೊದಲೇ ಫೋನ್ ಮಾಡಿ ಬಾಯಿ ಮುಚ್ಚಿಸುವುದು ನಿಮ್ಮ ಕೆಲಸ.

ಸುಸ್ತು ಅಂತಾಳೆ. ಆಟಕ್ಕೆ ಕಳಿಸಬಹುದಾ?

ಕಾಯಿಲೆ ಜೋರಿಲ್ಲದಾಗ ಕಳಿಸಲೇಬೇಕು. ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಓಡಾಟ ಬೇಕು. ಹತ್ತು ನಿಮಿಷದಿಂದ ಶುರು ಮಾಡಿ. ಬಿಸಿಲು ಏರುವ ಮೊದಲು ಅಥವಾ ಸಂಜೆ, ತುಂಬುತೋಳಿನ ಬಟ್ಟೆ, ಸನ್‌ಸ್ಕ್ರೀನ್. ಒಳಾಂಗಣದಲ್ಲಿ ಶಟಲ್, ಡ್ಯಾನ್ಸ್, ಸ್ಕಿಪ್ಪಿಂಗ್ ಆದರೂ ಸರಿ. ಎದೆ ಅಥವಾ ಕೀಲು ನೋಯುವಾಗ ಬೇಡ.

## ರಿಪೋರ್ಟ್, ಕಿಡ್ನಿ, ಮಾತ್ರೆ

ಲ್ಯಾಬ್ ರಿಪೋರ್ಟ್‌ನಲ್ಲಿ ಕೊಲೆಸ್ಟ್ರಾಲ್ 190, ನಾರ್ಮಲ್ ಅಂತ ಇದೆ. ಡಾಕ್ಟರ್ ಯಾಕೆ ಜಾಸ್ತಿ ಅಂದ್ರು?

ಬಹಳ ಲ್ಯಾಬ್‌ಗಳು ದೊಡ್ಡವರ ಮಿತಿಯನ್ನೇ ಮುದ್ರಿಸುತ್ತವೆ. ಮಕ್ಕಳಲ್ಲಿ ಒಟ್ಟು ಕೊಲೆಸ್ಟ್ರಾಲ್ 170ರ ಒಳಗೆ, ಎಲ್‌ಡಿಎಲ್ 110ರ ಒಳಗೆ ಇದ್ದರೆ ಚೆನ್ನ. 10 ವರ್ಷ ದಾಟಿದವರ ಟ್ರೈಗ್ಲಿಸರೈಡ್ 90ರ ಒಳಗೆ, ಎಚ್‌ಡಿಎಲ್ 45ಕ್ಕಿಂತ ಮೇಲೆ ಇರಬೇಕು.

ಬಿಪಿಯದ್ದೂ ಹಾಗೇ. 13 ತುಂಬಿದವರಿಗೆ 130/80 ಮುಟ್ಟಿದರೆ ಹೆಚ್ಚು. ಅದಕ್ಕಿಂತ ಚಿಕ್ಕವರಿಗೆ ವಯಸ್ಸು, ಎತ್ತರ, ಗಂಡೋ ಹೆಣ್ಣೋ ನೋಡಿ ಕೋಷ್ಟಕದಿಂದ ಮಿತಿ ತಿಳಿಯುತ್ತಾರೆ. ಬಿಪಿ ನೋಡುವಾಗ ಮಗುವಿನ ತೋಳಿಗೆ ಸರಿಹೊಂದುವ ಪಟ್ಟಿಯನ್ನೇ ಕಟ್ಟಬೇಕು. ಸಣ್ಣ ತೋಳಿಗೆ ದೊಡ್ಡವರ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. "ಮಕ್ಕಳ ಪಟ್ಟಿ ಇದ್ಯಾ ಸಿಸ್ಟರ್?" ಎಂದು ಕೇಳಲು ಸಂಕೋಚ ಬೇಡ.

ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದೆ. ಪ್ರೋಟೀನ್ ಪೌಡರ್ ಕೊಡ್ಲಾ? ಎಳನೀರು ಕೊಡ್ಲಾ?

ಪೌಡರ್ ಬೇಡ. ಹೋದದ್ದನ್ನು ಮೇಲಿಂದ ಸುರಿದು ತುಂಬಿಸಲಾಗದು, ಕಿಡ್ನಿಗೆ ಹೊರೆ ಜಾಸ್ತಿ. ಹಾಗಂತ ಬೇಳೆ-ಮೊಟ್ಟೆ ನಿಲ್ಲಿಸುವುದೂ ತಪ್ಪು, ಬೆಳೆಯುವ ಮಗು ಅದು. ವಯಸ್ಸಿಗೆ ಬೇಕಾದಷ್ಟು ಕೊಡಿ.

ಎಳನೀರು, ಬಾಳೆಹಣ್ಣಿನ ವಿಷಯ ರಕ್ತದ ಪೊಟ್ಯಾಸಿಯಂ ನೋಡಿ ನಿರ್ಧಾರವಾಗಬೇಕು. ಕಿಡ್ನಿ ಚೆನ್ನಾಗಿದ್ದರೆ ತೊಂದರೆಯಿಲ್ಲ. ಕಿಡ್ನಿ ಕುಗ್ಗಿದ್ದರೆ, ಅಥವಾ ಎನಾಲಪ್ರಿಲ್, ಲೊಸಾರ್ಟಾನ್‌ನಂಥ ಬಿಪಿ ಮಾತ್ರೆ ಇದ್ದರೆ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಅಂಗಡಿಯಲ್ಲಿ ಸಿಗುವ "ಲೋ ಸೋಡಿಯಂ" ಉಪ್ಪನ್ನು ಒಳ್ಳೆಯದೆಂದು ತರುವವರು ಇದ್ದಾರೆ. ಅದರಲ್ಲಿ ಸೋಡಿಯಂ ಬದಲು ಹಾಕಿರುವುದು ಪೊಟ್ಯಾಸಿಯಂ ಕ್ಲೋರೈಡನ್ನು. ಡಾಕ್ಟರನ್ನು ಕೇಳದೆ ತರಬೇಡಿ.

ಕೊಲೆಸ್ಟ್ರಾಲ್ ಮಾತ್ರೆ ಈಗಲೇ ಶುರು ಮಾಡಿದ್ರೆ ಸೇಫ್ ಅಲ್ವಾ?

ಇದನ್ನು ಪರೀಕ್ಷಿಸಿಯೇ ನೋಡಿದ್ದಾರೆ. ಉತ್ತರ ಅಮೆರಿಕದಲ್ಲಿ ಲೂಪಸ್ ಇರುವ 221 ಮಕ್ಕಳು ಮತ್ತು ಹದಿಹರೆಯದವರಿಗೆ ಮೂರು ವರ್ಷ ಅಟೊರ್ವಾಸ್ಟಾಟಿನ್ (ಸ್ಟಾಟಿನ್ ಗುಂಪಿನ ಕೊಲೆಸ್ಟ್ರಾಲ್ ಮಾತ್ರೆ) ಅಥವಾ ಔಷಧವಿಲ್ಲದ ಬರೀ ಮಾತ್ರೆ ಕೊಟ್ಟು, ಕತ್ತಿನ ರಕ್ತನಾಳ ಎಷ್ಟು ದಪ್ಪವಾಯಿತೆಂದು ಅಳೆದರು. ಆಪಲ್ ಟ್ರಯಲ್ ಎಂದು ಅದರ ಹೆಸರು. ಎರಡು ಗುಂಪಿನ ನಡುವೆ ಗಟ್ಟಿಯಾಗಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಲೂಪಸ್ ಇರುವ ಎಲ್ಲ ಮಕ್ಕಳಿಗೂ ಸ್ಟಾಟಿನ್ ಕೊಡುವುದಿಲ್ಲ. ಊಟ ಬದಲಿಸಿದ ಮೇಲೂ ಎಲ್‌ಡಿಎಲ್ ಇಳಿಯದಿದ್ದರೆ ಡಾಕ್ಟರ್ ಯೋಚಿಸುತ್ತಾರೆ.

ನಿಮ್ಮ ಮನೆಯಲ್ಲಿ ಆಗಲೇ ಇರುವ ಹೈಡ್ರಾಕ್ಸಿಕ್ಲೋರೋಕ್ವಿನ್ ಕಡೆ ಗಮನ ಕೊಡಿ. ಅದು ಕಾಯಿಲೆ ಕೆರಳದಂತೆ ತಡೆಯುತ್ತದೆ, ಕೊಲೆಸ್ಟ್ರಾಲಿಗೂ ಒಳ್ಳೆಯದು, ರಕ್ತ ಹೆಪ್ಪುಗಟ್ಟುವುದನ್ನೂ ಕಡಿಮೆ ಮಾಡುತ್ತದೆ. "ಕಣ್ಣು ಹೋಗುತ್ತೆ" ಎಂಬ ಹೆದರಿಕೆಗೆ ಅದನ್ನು ಬಿಡಿಸುವವರೇ ಜಾಸ್ತಿ. ಡೋಸ್ ಸಾಮಾನ್ಯವಾಗಿ ತೂಕದ ಪ್ರತಿ ಕೆಜಿಗೆ ದಿನಕ್ಕೆ 5 ಮಿಲಿಗ್ರಾಂ ದಾಟುವುದಿಲ್ಲ. ಶುರುವಿನಲ್ಲಿ ಕಣ್ಣಿನ ಪರೀಕ್ಷೆ, ಆಮೇಲೆ ಡಾಕ್ಟರ್ ಹೇಳಿದಂತೆ ಪರೀಕ್ಷೆ ಮಾಡಿಸಿದರೆ ತೊಂದರೆ ಬೇಗ ಗೊತ್ತಾಗುತ್ತದೆ. ಊಟದ ಜೊತೆ ಕೊಟ್ಟರೆ ಹೊಟ್ಟೆ ಕೆಡುವುದು ಕಡಿಮೆ.

ಎದೆ ನೋವು ಅಂದ. ಗ್ಯಾಸ್ ಇರಬಹುದು ಅಂತ ಓಮದ ನೀರು ಕೊಟ್ವಿ. ಸರೀನಾ?

ಲೂಪಸ್ ಇರುವ ಮಗುವಿನಲ್ಲಿ ಎದೆನೋವನ್ನು ಗ್ಯಾಸ್ ಎಂದು ನಾವೇ ತೀರ್ಮಾನಿಸಬಾರದು. ಮಲಗಿದರೆ ನೋವು ಜಾಸ್ತಿ, ಮುಂದಕ್ಕೆ ಬಾಗಿ ಕೂತರೆ ಕಡಿಮೆ ಎಂದರೆ ಹೃದಯದ ಪೊರೆಯ ಉರಿಯೂತ ಇರಬಹುದು. ಉಸಿರು ಕಟ್ಟುವುದು, ಬವಳಿ, ಎದೆ ಡವಡವ ಬಡಿಯುವುದು ಇದ್ದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ಇಮ್ಯೂನಿಟಿಗೆ ಅಮೃತಬಳ್ಳಿ ಕಷಾಯ ಕೊಡ್ತಿದ್ದೀವಿ. ಚಕ್ಕೋತ, ಮೊಳಕೆ ಕಾಳು?

ಲೂಪಸ್‌ನಲ್ಲಿ ಇಮ್ಯೂನಿಟಿ ಆಗಲೇ ಕೆರಳಿದೆ, ಅದನ್ನು ಇನ್ನೂ ಎಬ್ಬಿಸುವುದು ಬೇಡ. ಅಮೃತಬಳ್ಳಿ ತೆಗೆದುಕೊಂಡವರಲ್ಲಿ ಲಿವರ್‌ಗೆ ಪೆಟ್ಟು ಬಿದ್ದದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಾದ ಏನೇ ಇರಲಿ, ಲೂಪಸ್ ಮಗುವಿಗೆ ನಾನಂತೂ ಬೇಡ ಅನ್ನುತ್ತೇನೆ.

ಚಕ್ಕೋತ ಮತ್ತು ಅದರ ಜಾತಿಯ ಗ್ರೇಪ್‌ಫ್ರೂಟ್ ಹಣ್ಣು ಇಮ್ಯೂನಿಟಿ ತಗ್ಗಿಸುವ ಸೈಕ್ಲೋಸ್ಪೊರಿನ್, ಟ್ಯಾಕ್ರೊಲಿಮಸ್ ಮತ್ತು ಕೊಲೆಸ್ಟ್ರಾಲಿನ ಅಟೊರ್ವಾಸ್ಟಾಟಿನ್ ಮಾತ್ರೆಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸಬಹುದು. ಇವು ನಡೆಯುತ್ತಿದ್ದರೆ ದೇವನಹಳ್ಳಿ ಚಕ್ಕೋತ ಎಷ್ಟೇ ರುಚಿಯಿದ್ದರೂ ಬೇಡ. ಕಿತ್ತಳೆ, ಮೂಸಂಬಿ ಕೊಡಿ.

ಹೆಸರುಕಾಳಿನ ಮೊಳಕೆಯನ್ನು ಬೇಯಿಸಿ ಕೊಡಿ. ಇಮ್ಯೂನಿಟಿ ತಗ್ಗಿಸುವ ಮಾತ್ರೆ ತಿನ್ನುವವರಿಗೆ ಹಸಿ ಮೊಳಕೆ, ಕಾಯಿಸದ ಹಾಲು, ಪಾನಿಪುರಿ ನೀರು ಸೋಂಕು ತರಬಹುದು. ಅಲ್ಫಾಲ್ಫಾ ಮೊಳಕೆ ಮಾತ್ರ ಬೇಯಿಸಿದರೂ ಬೇಡ. ಅದರಲ್ಲಿರುವ ಒಂದು ಅಂಶ ಲೂಪಸ್ ಕೆರಳಿಸಬಲ್ಲದು. ನಮ್ಮಲ್ಲಿ ಮೇವಿಗೆ ಬೆಳೆಯುವ ಕುದುರೆ ಮಸಾಲೆ ಸೊಪ್ಪು ಅದೇ. ಸೂಪರ್‌ಮಾರ್ಕೆಟ್ಟಿನ ಸಲಾಡ್ ಡಬ್ಬದಲ್ಲೂ, "ಹರ್ಬಲ್" ಮಾತ್ರೆಗಳಲ್ಲೂ ಸಿಗುತ್ತದೆ.

ವಾರ್ಫರಿನ್ ಕೊಟ್ಟಿದ್ದಾರೆ. ಸೊಪ್ಪು ಪೂರ್ತಿ ನಿಲ್ಲಿಸಬೇಕಾ?

ನಿಲ್ಲಿಸಬೇಡಿ. ವಾರ್ಫರಿನ್ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. ಸೊಪ್ಪಿನ ವಿಟಮಿನ್ ಕೆ ಅದಕ್ಕೆ ಎದುರು ಕೆಲಸ ಮಾಡುವುದು ನಿಜ. ಆದರೆ ತೊಂದರೆ ಬರುವುದು ಏರುಪೇರಿನಿಂದ. ಒಂದು ವಾರ ದಿನಾ ಬಸ್ಸಾರು, ಮುಂದಿನ ವಾರ ಸೊಪ್ಪೇ ಇಲ್ಲ ಎಂದಾದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ತೋರಿಸುವ ರಕ್ತಪರೀಕ್ಷೆಯ ಅಂಕಿ) ಹತೋಟಿಗೆ ಸಿಗುವುದಿಲ್ಲ. ವಾರಕ್ಕೆ ಮೂರು ದಿನ ಎಂದರೆ ಪ್ರತಿ ವಾರವೂ ಮೂರೇ ದಿನ, ಹೆಚ್ಚುಕಡಿಮೆ ಅಷ್ಟೇ ಪ್ರಮಾಣ.

ಪಿಯುಸಿಗೆ ಹಾಸ್ಟೆಲ್‌ಗೆ ಹೋಗ್ತೀನಿ ಅಂತಾಳೆ. ಊಟದ ಗತಿ ಏನು?

ಕಳಿಸಿ. ಮೆಸ್ ಊಟದಲ್ಲಿ ಅವಳು ಬದಲಿಸಬಹುದಾದ್ದು ಬಹಳ ಇದೆ: ಉಪ್ಪಿನಕಾಯಿ, ಹಪ್ಪಳ ಹಾಕಿಸಿಕೊಳ್ಳದಿರುವುದು, ಸಾರನ್ನು ಅನ್ನದ ಮೇಲೆ ಸುರಿಸದೆ ಬಟ್ಟಲಲ್ಲಿ ಹಾಕಿಸಿಕೊಂಡು ಬೇಕಾದಷ್ಟೇ ಕಲಸುವುದು, ಎರಡನೇ ಸಲ ಅನ್ನದ ಬದಲು ಪಲ್ಯ ಕೇಳುವುದು. ಅಲಮಾರದಲ್ಲಿ ಹುರಿಗಡಲೆ, ಕಡಲೆಕಾಯಿ, ರಾಗಿ ಹುರಿಹಿಟ್ಟಿನ ಡಬ್ಬ ಇರಲಿ, ಇನ್‌ಸ್ಟಂಟ್ ನೂಡಲ್ಸ್ ಬೇಡ. ವಾರ್ಡನ್‌ಗೆ ಕಾಯಿಲೆಯ ಹೆಸರು, ಮಾತ್ರೆಗಳ ಪಟ್ಟಿ, ಡಾಕ್ಟರ್ ನಂಬರ್ ಬರೆದುಕೊಡಿ. ತಿಂಗಳಿಗೊಮ್ಮೆ ಹತ್ತಿರದ ಕ್ಲಿನಿಕ್ಕಿನಲ್ಲಿ ಬಿಪಿ ನೋಡಿಸಿ ಅಂಕಿಯನ್ನು ನಿಮಗೆ ಮೆಸೇಜ್ ಮಾಡಲಿ. ರೂಮಿನಲ್ಲಿ ಮಾತ್ರೆ ಡಬ್ಬಿ ಟೂತ್‌ಬ್ರಷ್ ಪಕ್ಕದಲ್ಲಿಟ್ಟರೆ ಮರೆಯುವುದು ಕಡಿಮೆ. ಇದನ್ನು ನನಗೆ ಹೇಳಿಕೊಟ್ಟವಳು ಒಬ್ಬ ಹಾಸ್ಟೆಲ್ ಹುಡುಗಿಯೇ.